ಎರಡು ಕಂಪ್ಯೂಟರು, ಒಂದು ಕಿವಿ

ಕಂಪ್ಯೂಟರಿಗೆ ಧ್ವನಿ ಕೊಡುವ ಸೌಂಡ್ ಕಾರ್ಡುಗಳನ್ನು ನಮ್ಮ ಘಟಕದ ಹೆಂಗಸರು ತಯಾರಿಸುತ್ತಿದ್ದರು. ಕೊಳ್ಳುವ ಕಂಪನಿ ಒಂದೇ. ಅದು ನಮ್ಮನ್ನು ಕೈಬಿಟ್ಟರೆ ಘಟಕ ಮುಚ್ಚಬೇಕು. ಧ್ವನಿಯೂ ಒಳಗೇ ಸೇರಿರುವ ಅಗ್ಗದ ಚಿಪ್ ಬಂದಿದೆ, ಇನ್ನು ಬೇರೆ ಕಾರ್ಡು ಬೇಕಾಗಲಿಕ್ಕಿಲ್ಲ ಎಂದು ಕಂಪನಿಯ ಮ್ಯಾನೇಜರ್ ನಮ್ಮನ್ನು ಕರೆಸಿದರು. ಮೇಜಿನ ಮೇಲೆ ಎರಡು ಕಂಪ್ಯೂಟರುಗಳಿದ್ದವು.

"ಒಂದರಲ್ಲಿ ನಿಮ್ಮ ಕಾರ್ಡಿದೆ, ಇನ್ನೊಂದರಲ್ಲಿ ಬರೀ ಆ ಚಿಪ್. ಯಾವುದು ನಿಮ್ಮದು ಅಂತ ಕೇಳಿ ಹೇಳ್ಬಿಡಿ ಮೇಡಂ, ಆರ್ಡರ್ ಮುಂದುವರಿಸ್ತೀನಿ."

ನಮ್ಮಲ್ಲಿ ಪ್ರತಿ ಕಾರ್ಡನ್ನೂ ಕಿವಿಯಿಂದಲೇ ಪರೀಕ್ಷಿಸುವವಳು ಮುನಿಲಕ್ಷ್ಮಿ. ಅವಳು ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಕೇಳಿದಳು. ಮತ್ತೊಮ್ಮೆ ಕೇಳಿದಳು. ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದಳು.

"ಎರಡೂ ಒಂದೇ ಥರ ಐತೆ ಕಣಕ್ಕಾ."

"ಹಂಗನ್ಬೇಡ ಮಾರಾಯ್ತಿ. ಯಾವುದೋ ಒಂದು ಹೇಳು."

ಅವಳು ನೆಟ್ಟಗೆ ಕೂತಳು.

"ಎಡಗಡೇದು ನಮ್ದು ಸಾ. ಬಲಗಡೇದ್ರಲ್ಲಿ ಕಿವಿಯೊಳಗೆ ಜೀರುಂಡೆ ಬಿಟ್ಟಂಗೈತೆ."

"ಖಂಡಿತಾನಾ?"

"ದೇವ್ರಾಣೆ ಸಾ."

ಮ್ಯಾನೇಜರ್ ನಗಲಿಲ್ಲ. ಎರಡು ಕಂಪ್ಯೂಟರುಗಳ ಮುಚ್ಚಳವನ್ನೂ ತೆಗೆದು ನಮ್ಮತ್ತ ತಿರುಗಿಸಿದರು. ನಮ್ಮ ಕಾರ್ಡು ಕೂರುವ ಜಾಗ ಎರಡರಲ್ಲೂ ಖಾಲಿಯಿತ್ತು.