ಹನ್ನೆರಡನೆಯ ಗುಂಡು

"ಆ ಮುದುಕ ಇವತ್ತೂ ಬಂದಿದ್ದಾನೆ ಮೇಸ್ತ್ರಿ," ಎಂದು ಗೇಟಿನ ಕಾವಲುಗಾರ ಸಿಪ್ರಿಯೆ ಕೂಗಿದ. "ಇದು ನಾಲ್ಕನೇ ದಿನ. ಹಿತ್ತಾಳೆ ಕದಿಯೋಕೆ ಹೊಂಚು ಹಾಕ್ತಿದ್ದಾನೆ, ನೋಡ್ತಾ ಇರಿ."

ಕಾಸಿಮೀರ್ ರೆಬುಫ ಕಪ್ಪು ಕನ್ನಡಕವನ್ನು ಹಣೆಗೇರಿಸಿ ನೋಡಿದ. ಹಿತ್ತಾಳೆಯ ರಾಶಿ ಹಡಗಿನ ಹಿಂಭಾಗದಲ್ಲಿತ್ತು. ಮುದುಕ ನಿಂತಿದ್ದುದು ಮುಂಭಾಗದಲ್ಲಿ, ಧಕ್ಕೆಯ ತುದಿಯಲ್ಲಿ. ಮುಂದಿನ ಗೋಪುರದ ಎರಡು ಫಿರಂಗಿಗಳ ಬಾಯಿಗೆ ನೇರ ಎದುರಾಗಿ.

ಯುದ್ಧ ಮುಗಿದು ಎಂಟು ವರ್ಷವಾಗಿತ್ತು. ಹಳೆಯ ಯುದ್ಧನೌಕೆಗಳು ಒಂದೊಂದಾಗಿ ಲಾ ಸೇನ್ ಬಂದರಿನ ಈ ಹಡಗು ಒಡೆಯುವ ಅಂಗಳಕ್ಕೆ ಬಂದು ಚೂರಾಗುತ್ತಿದ್ದವು. ಈ ನೌಕೆ ಬಂದಾಗ ಕಾಸಿಮೀರ್ ಯಾರಿಗೂ ಏನೂ ಹೇಳಿರಲಿಲ್ಲ. ಇದೇ ಗೋಪುರದಲ್ಲಿ, ಎಡಗಡೆಯ ಫಿರಂಗಿಯ ಹಿಂದೆ ಅವನು ಮೂರು ವರ್ಷ ದುಡಿದಿದ್ದ. ಅದರ ಸದ್ದಿಗೆ ಬಲಗಿವಿ ಅಲ್ಲಿಯೇ ಕಿವುಡಾಗಿತ್ತು. ಈಗ ಅದನ್ನೇ ಕತ್ತರಿಸುವ ಕೆಲಸ. ಏನಾದರೂ ಅನ್ನಿಸೀತು ಎಂದು ಮೊದಲ ದಿನ ಕಾದ. ಏನೂ ಅನ್ನಿಸಲಿಲ್ಲ. ಗ್ಯಾಸಿನ ಉರಿ ಹಿಡಿದ. ಉಕ್ಕು ಕೆಂಪಾಯಿತು, ಕರಗಿತು. ಅಷ್ಟೇ.

"ಯುದ್ಧದಿಂದ ನೀವು ವಾಪಸ್ ಬಂದೇ ಇಲ್ಲ ಕಣ್ರೀ, ನಿಮ್ಮ ಅಂಗಿ ಬಂದಿದೆ," ಎಂದು ಹೆಂಡತಿ ರೋಸೀನ್ ಅನ್ನುತ್ತಿದ್ದಳು. ಅದಕ್ಕೂ ಅವನಿಗೆ ಕೋಪ ಬರುತ್ತಿರಲಿಲ್ಲ.

ಮಧ್ಯಾಹ್ನ ಬ್ರೆಡ್ಡು, ಆಲಿವ್ ಕಟ್ಟಿದ್ದ ಗಂಟು ಹಿಡಿದು ಅವನು ಧಕ್ಕೆಗಿಳಿದ.

"ಇಲ್ಲಿ ನಿಲ್ಲಬೇಡಿ ಯಜಮಾನ್ರೇ. ಕಿಡಿ ಹಾರುತ್ತೆ."

"ಹಾರ್ಲಿ ಬಿಡಪ್ಪ."

"ಈ ಹಡಗು ಗೊತ್ತಾ ನಿಮಗೆ?"

"ಗೊತ್ತು. ಸಾವಿರದ ಒಂಬೈನೂರ ಹದಿನೈದನೇ ಇಸವಿಯಿಂದ. ಒಡೀತಾರೆ ಅಂತ ಪತ್ರಿಕೇಲಿ ನೋಡಿ ಮಾರ್ಸೇಯಿಂದ ಬಂದೆ."

"ನಿಮ್ಮ ಹೆಸರು?"

"ಪಾವ್ಲಿ."

ಕಾಸಿಮೀರನ ಒಳ್ಳೆಯ ಕಿವಿಗೆ ಅದು ಪಾವೊಲಿ ಎಂದು ಕೇಳಿಸಿತು. ಅದು ಕಾರ್ಸಿಕಾ ದ್ವೀಪದ ಹೆಸರು, ಹಾಗಾದರೆ ಅಲ್ಲಿಯವನು. ಮಾತಿನ ಎಳೆತವೂ ಈ ಕಡೆಯದಲ್ಲ. ನೌಕಾಪಡೆಯ ತುಂಬ ಆ ದ್ವೀಪದವರೇ ಇದ್ದರು. ಈ ಹಡಗಿನಲ್ಲಿದ್ದ ಏಳುನೂರು ಜನರ ಮುಖ ಯಾರಿಗೆ ನೆನಪಿರುತ್ತದೆ?

"ದ್ವೀಪದವರೋ?"

"ಸಮುದ್ರದ ದಂಡೆಯವನು."

"ಮನೇಲಿ ಯಾರ್ಯಾರಿದ್ದಾರೆ?"

"ಮೂವರಿದ್ರು. ಈಗ ನಾನೊಬ್ಬನೇ."

ಜ್ವರವಿರಬೇಕು, ಕಾಸಿಮೀರ್ ಅಂದುಕೊಂಡ. ಹದಿನೆಂಟನೇ ಇಸವಿಯ ಇನ್‌ಫ್ಲುಯೆಂಜಾ ಜ್ವರ ಎಷ್ಟೋ ಮನೆ ಬರಿದು ಮಾಡಿತ್ತು. ಬ್ರೆಡ್ಡು ಮುರಿದು ಅರ್ಧ ಕೊಟ್ಟ. ಆಮೇಲೆ, ಯಾಕೆಂದು ತನಗೇ ತಿಳಿಯದೆ, "ನಾನೂ ಇದ್ರಲ್ಲೇ ಇದ್ದೆ. ಅಗೋ, ಎಡಗಡೆ ಫಿರಂಗಿ," ಅಂದ.

ಮುದುಕ ಅಗಿಯುವುದನ್ನು ನಿಲ್ಲಿಸಿದ. ಉಳಿದ ಬ್ರೆಡ್ಡನ್ನು ಗಂಟಿನ ಮೇಲಿಟ್ಟ.

"ಅದನ್ನ ಒಂದು ಸಲ ಹಿಂದಿನಿಂದ ನೋಡ್ಬೇಕಪ್ಪ," ಎಂದ.

ಅಂಗಳದ ನಿಯಮಕ್ಕೆ ಅದು ವಿರುದ್ಧ. ಆದರೂ ಕಾಸಿಮೀರ್ ಅವನನ್ನು ಮೇಲೆ ಕರೆದೊಯ್ದ. ಏಣಿಯ ಪ್ರತಿ ಮೆಟ್ಟಿಲಲ್ಲೂ ಮುದುಕನ ಕಾಲು ತಡಕಾಡಿತು. ಗೋಪುರದ ಗಿಡ್ಡ ಬಾಗಿಲಿಗೆ ಹಣೆ ಬಡಿಯಿತು. ವಯಸ್ಸಾದರೆ ಹಾಗೇ, ಹತ್ತಿಳಿದ ಏಣಿಯನ್ನು ಕಾಲೂ ಮರೆಯುತ್ತದೆ.

ಒಳಗೆ ಎಣ್ಣೆ, ತುಕ್ಕಿನ ವಾಸನೆ. ಫಿರಂಗಿಯ ಹಿಂಬದಿ ತೆರೆದಿತ್ತು. ಮುದುಕ ಆ ತಣ್ಣನೆಯ ಉಕ್ಕಿನ ಮೇಲೆ ಅಂಗೈಯಿಟ್ಟ.

"ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ," ಎಂದ. "ಜಲಸಂಧಿಯ ದಂಡೆ. ಗುಡ್ಡದ ಮೇಲೆ ಕೋಟೆ, ಕೆಳಗೆ ಮೀನುಗಾರರ ಊರು. ನೆನಪಿದೆಯಾ?"

"ಇಲ್ದೆ ಏನು? ಹನ್ನೊಂದು ಗುಂಡು ಹಾಕಿದ್ವಿ."

"ಹನ್ನೆರಡು."

"ಎಣಿಸಿದ್ರಾ?"

"ಎಣಿಸ್ದೆ. ಮೊದಲು ಹೊಗೆ. ಸದ್ದು ಎಷ್ಟೋ ಹೊತ್ತಿನ ಮೇಲೆ."

ಗೋಪುರದೊಳಗಿದ್ದವರಿಗೆ ಹೊಗೆ ಕಾಣುತ್ತಿರಲಿಲ್ಲ. ಕಂಬದ ಮೇಲಿನ ಕಾವಲುಗೂಡಿನವನಿರಬೇಕು. ಕಾಸಿಮೀರ್ ಉರುಳಿಬಿದ್ದ ಪೀಪಾಯಿಯ ಮೇಲೆ ಕುಳಿತ.

"ಸರಿ, ಹನ್ನೆರಡು. ಕೊನೇದನ್ನ ನಾವು ಲೆಕ್ಕಕ್ಕೇ ಹಿಡೀಲಿಲ್ಲ. ಕೋಟೆಯ ಫಿರಂಗಿಗಳು ಸುಮ್ಮನಾಗಿದ್ವು, ಸಾಕು ಅಂತ ಅಪ್ಪಣೆ ಬಂದಿತ್ತು. ಆದ್ರೆ ಫಿರಂಗಿ ತುಂಬಿಬಿಟ್ಟಿದ್ವಿ. ತುಂಬಿದ್ದನ್ನ ವಾಪಸ್ ತೆಗೆಯೋದು ದೊಡ್ಡ ರೇಜಿಗೆ. ಕೆಳಗೆ ಕಾಫಿ ಬೇರೆ ಆರ್ತಿತ್ತು. ಹಾರಿಸಿ ಮುಗಿಸ್ರೋ ಅಂದ ಯಾರೋ. ಗುರಿ ಕೂಡ ನೋಡ್ಲಿಲ್ಲ. ಹಾರಿಸಿದ್ದು ನಾನೇ."

"ನೀನೇ."

"ನಾನೇ. ಎಲ್ಲಿ ಬಿತ್ತೋ ಏನೋ."

"ಬ್ರೆಡ್ಡು ಸುಡೋ ಒಲೆಮನೆ ಮುಂದೆ ಬಿತ್ತು. ಹೆಂಗಸ್ರು, ಮಕ್ಕಳು ಸಾಲಾಗಿ ನಿಂತಿದ್ರು."

ಕಾಸಿಮೀರ್ ಮುಂದಕ್ಕೆ ಬಾಗಿದ. "ದುರ್ಬೀನಿನಲ್ಲಿ ಅಷ್ಟು ಚೆನ್ನಾಗಿ ಕಾಣ್ತಿತ್ತಾ?"

"ಚೆನ್ನಾಗಿ ಕಾಣ್ತಿತ್ತು. ಇಲ್ಲಿಂದ ಏನೂ ಕಾಣ್ತಿರ್ಲಿಲ್ವಾ?"

"ಏನೂ ಇಲ್ಲ. ಬರೀ ಉಕ್ಕು."

"ಹೌದಾ," ಎಂದ ಮುದುಕ. ಹಾಗಂದವನು ಕಣ್ಣು ಮುಚ್ಚಿ, ಬಹಳ ದೂರ ನಡೆದು ಬಂದವನಂತೆ ಗೋಡೆಗೊರಗಿದ.

ಫಿರಂಗಿ ಹಾರಿಸಿದ್ದ ತನ್ನ ಕೈಯನ್ನು ಕಾಸಿಮೀರ್ ಬೇರೆಯವರದೆಂಬಂತೆ ನೋಡಿದ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಎದೆಯಲ್ಲಿ ಏನೋ ಅಲುಗಿತ್ತು. ನೋವೇ ಇರಬೇಕು. ಆದರೂ ಹಗುರವೆನಿಸಿತು. ರೋಸೀನ್‌ಗೂ ಹೇಳದ ಮಾತು. ಅದನ್ನು ಅಷ್ಟೂ ವರ್ಷ ತನ್ನಂತೆಯೇ ಹೊತ್ತು ತಿರುಗಿದ ಇನ್ನೊಬ್ಬನಿದ್ದ, ಇದೇ ಹಡಗಿನವನು.

"ಇವತ್ತು ನಮ್ಮನೆಗೆ ಊಟಕ್ಕೆ ಬರ್ಬೇಕು ನೀವು. ಇಲ್ಲ ಅನ್ನಬಾರದು," ಎಂದು ಅವನು ಎದ್ದ. "ನನ್ನ ಹೆಂಡತಿ ನಮ್ಮ ಹಡಗಿನವರನ್ನ ಒಬ್ಬರನ್ನೂ ನೋಡಿಲ್ಲ. ಅಂದ ಹಾಗೆ ನಿಮ್ಮ ಜಾಗ ಯಾವುದು, ಮೇಲಿನ ಕಾವಲುಗೂಡೇ ತಾನೆ?"

"ನಾನು ಹಡಗಿನಲ್ಲಿರ್ಲಿಲ್ಲಪ್ಪ," ಎಂದ ಮುದುಕ. "ಗುಡ್ಡದ ಕೆಳಗಿನ ಆ ಊರಲ್ಲಿದ್ದೆ."