ತೆಯೋಫಿಲೊನ ತಿಳಿನೀರು

ಭಾನುವಾರ ಬೆಳಿಗ್ಗೆ ಬೆಲೆನ್ ಬಡಾವಣೆಯ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡು ಸಾರಿತು: "ಸಮಸ್ತ ತೇಲುಮನೆಗಳ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ದೋನ್ ತೆಯೋಫಿಲೊ ಅವರ ಮೀನಿನ ತೊಟ್ಟಿಯ ನೀರು ಇಂದಿನಿಂದ ತಿಳಿಯಾಗಿರುತ್ತದೆ. ಎಲ್ಲರೂ ತಿಳಿಯತಕ್ಕದ್ದು."

ಸಾರಿಸಿದವನು ತೆಯೋಫಿಲೊನೇ. ಅವನು ಸಾಕಿದ್ದು ಮರ ತಿನ್ನುವ ಕರಚಾಮ ಮೀನು. ಅದು ಹಗಲಿರುಳು ದಿಮ್ಮಿ ಕೆರೆಯುತ್ತದೆ, ಕೆರೆದದ್ದನ್ನೆಲ್ಲ ಹೊಟ್ಟು ಮಾಡಿ ಹಿಂದಿನಿಂದ ಬಿಡುತ್ತದೆ. ತೊಟ್ಟಿ ಬಹುಬೇಗ ಗಂಜಿಯಾಗುತ್ತದೆ. ಗಂಜಿಯೊಳಗಿನ ಮೀನನ್ನು ರಾಜಧಾನಿ ಲಿಮಾದ ವ್ಯಾಪಾರಿ ಮೂಸುವುದಿಲ್ಲ. ಹಾಗಾಗಿ ಮನೆಯ ನಡುವೆ ಎರಡು ಪೀಪಾಯಿ ಎದ್ದವು. ಒಂದರಲ್ಲಿ ತಾಳೆನಾರು, ಇನ್ನೊಂದರಲ್ಲಿ ಮರಳು, ಇದ್ದಿಲು. ಪಂಪು ತೊಟ್ಟಿಯ ನೀರನ್ನು ಅವುಗಳ ಮೂಲಕ ಸುತ್ತಿಸುತ್ತಿತ್ತು. ಮಳೆಗೆ ತುಂಬಿ ಮಿಕ್ಕಿದ್ದು ದಪ್ಪ ಕೊಳವೆಯಲ್ಲಿ ನೆಲದ ಹಲಗೆ ತೂರಿ ಮನೆಯಡಿಯ ಹೊಳೆಗೆ ಹೋಗುತ್ತಿತ್ತು. ಆ ಕೊಳವೆಯ ಬಾಯಿಗಿದ್ದ ಜಾಲರಿ ಪದೇಪದೇ ಹೊಟ್ಟು ಕಟ್ಟಿಕೊಂಡು ಕಾಡಿತು. ತೆಯೋಫಿಲೊ ಅದನ್ನು ಕಿತ್ತೆಸೆದ. ನೀರು ಗಾಜಾಯಿತು.

ನೀರು ಗಾಜಾದ ಮೇಲೆ ಒಂದು ಸಂಗತಿ ಸ್ಪಷ್ಟವಾಗಿ ಕಂಡಿತು. ಮೀನು ಕಡಿಮೆಯಾಗುತ್ತಿದ್ದವು.

ಬೆರಳುದ್ದದ ಮರಿಗಳು ಇಂದಿದ್ದವು ನಾಳೆ ಇಲ್ಲ. ನೀರನ್ನು ಶೋಧಿಸಿದಷ್ಟು ಸುಲಭವಲ್ಲ ಕಳ್ಳನನ್ನು ಶೋಧಿಸುವುದು. ಆದರೂ ತೆಯೋಫಿಲೊನಿಗೆ ಹೆಸರು ಹೊಳೆಯಿತು: ಪಕ್ಕದ ಮನೆಯ ಆರ್ಕಿಮೀದೆಸ್. ತನ್ನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿ ಹಿಡಿದವನು ಅವನೇ, ಅಂದರೆ ಕುಂಪಾ, ಒಡಹುಟ್ಟಿದವನಿಗೆ ಸಮ; ಇಬ್ಬರೂ ಪರಸ್ಪರ ಹಾಗೇ ಕರೆಯುವುದು. ಕುಂಪಾನ ಮೇಲೆ ಬಾಯಿಬಿಟ್ಟು ಕಳ್ಳತನ ಹೊರಿಸುವಂತಿಲ್ಲ. ತೆಯೋಫಿಲೊ ಬಾಯಿ ಮುಚ್ಚಿ ಕಣ್ಣಿಟ್ಟ.

"ಕದ್ದು ಸಾರು ಮಾಡ್ತಿದಾನೆ ಕಣೇ," ಎಂದ ಹೆಂಡತಿಗೆ.

"ಅವರ ಮನೆ ಸಾರು ನಾನು ಮೂಸಿ ಬಂದೆ," ಎಂದಳು ಸೊರೈದಾ. "ಬರೀ ಬಾಳೆಕಾಯಿ. ಅದಿರ್ಲಿ, ನಮ್ಮನೆ ಸಾರು ನೋಡ್ರೀ."

ತಟ್ಟೆಯ ಸಾರು ಒಂದೇ ಅಂಚಿಗೆ ವಾಲಿತ್ತು. ಮನೆ ವಾಲುತ್ತಿತ್ತು.

ಬೆಲೆನ್‌ನಲ್ಲಿ ನೆಲವಿಲ್ಲ, ನೆಲೆ ಮಾತ್ರ. ತೆಯೋಫಿಲೊನಿಗಿದ್ದ ಆಸ್ತಿಯೆಂದರೆ ಹಗುರ ಬಾಲ್ಸಾ ದಿಮ್ಮಿಗಳ ಮೇಲೆ ತೇಲುವ ಈ ಒಂದು ಮನೆ. ಅದು ಮುಳುಗಿದರೆ ಹೆಂಡತಿ, ಮಗಳು, ಮೀನು ಎಲ್ಲ ಹೊಳೆಪಾಲು. ಆ ಮಧ್ಯಾಹ್ನ ಚಾಪೆಗೆ ಕಿವಿ ಹಚ್ಚಿ ಮಲಗಿದಾಗ ಅಡಿಯಿಂದ ಸದ್ದು ಕೇಳಿಸಿತು. ಕರ್. ಕರ್. ಕರ್. ಯಾರೋ ಮನೆಯ ಬುಡವನ್ನೇ ಕೊಯ್ಯುತ್ತಿದ್ದಾರೆ.

ಹೊರಗೆ ಜಿಗಿದು ನೋಡಿದ. ಆರ್ಕಿಮೀದೆಸ್ ನೀರಿನಿಂದ ತಲೆ ಎತ್ತಿ ಏದುಸಿರು ಬಿಡುತ್ತಿದ್ದ. ಅವನ ದೋಣಿಯಲ್ಲಿ ಗರಗಸ, ಹಗ್ಗ. ಅಂಚಿಗೆಲ್ಲ ಹಸಿ ಮರದ ಹೊಟ್ಟು ಮೆತ್ತಿತ್ತು.

"ಏನ್ ಕುಂಪಾ, ನನ್ನ ಮನೆ ಕೆಳಗೆ ಏನ್ ಕೆಲ್ಸ?"

"ನಿಮ್ಮ ಮನೆ ಮುಳುಗುತ್ತೆ ಕುಂಪಾ."

"ಹೆದರಿಸ್ತೀರಾ?"

"ಕೆಳಗೆ ಬನ್ನಿ, ತೋರಿಸ್ತೀನಿ."

ಗರಗಸ ಹಿಡಿದವನ ಜೊತೆ ನೀರಿಗಿಳಿಯಲು ತೆಯೋಫಿಲೊ ಅಷ್ಟೇನೂ ದಡ್ಡನಲ್ಲ. ಅಕ್ಕಪಕ್ಕದವರೆಲ್ಲ ಕಿಟಕಿಗೆ ಬರುವಂತೆ ಕೂಗಾಡಿದ. ಮರುದಿನ ಸಾರು ತಟ್ಟೆಯಲ್ಲಿ ಸಮನಾಗಿ ನಿಂತಿತು. ಕೂಗಿಗೆ ಕಳ್ಳ ಬೆದರಿದ ಎಂದು ಬೀಗಿದ. ಆದರೆ ಸ್ವಲ್ಪ ದಿನಕ್ಕೆ ಮನೆ ಮತ್ತೆ ವಾಲಿತು, ಆರ್ಕಿಮೀದೆಸ್ ಮತ್ತೆ ಸಿಕ್ಕಿಬಿದ್ದ, ತೆಯೋಫಿಲೊ ಮತ್ತೆ ಕೂಗಿದ, ಮನೆ ಮತ್ತೆ ನೆಟ್ಟಗಾಯಿತು. ಇಷ್ಟಾದರೂ ಅಡಿಯ ಕರ್ ಕರ್ ಮಾತ್ರ ದಿನೇದಿನೇ ಜೋರಾಯಿತು. ಮಗಳು ಅಪ್ಪನ ಪಕ್ಕ ಬಿಟ್ಟು ಮಲಗದಾದಳು.

ಇನ್ನು ಕುಂಪಾ ಗಿಂಪಾ ನೋಡಲಾಗದೆಂದು ತೆಯೋಫಿಲೊ ಸಭೆ ಕರೆಸಿದ. ಬಡಾವಣೆಯ ಮುಖ್ಯಸ್ಥೆ, ಎಲ್ಲರೂ ಗೌರವದಿಂದ ದೋಣ್ಯ ಎನ್ನುವ ಪೆತ್ರೊನಿಲಾ, ಬೀಸಣಿಗೆ ಬೀಸುತ್ತ ಕೂತಳು.

"ನಾನೇನೂ ಹೇಳಲ್ಲ," ಎಂದ ಆರ್ಕಿಮೀದೆಸ್. "ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಯಾರಾದ್ರೂ ಒಬ್ರು ಕೆಳಗೆ ಮುಳುಗಿ ನೋಡಿ."

ಬೆಲೆನ್‌ನ ಕಕ್ಕಸುಗಳೆಲ್ಲ ಎಲ್ಲಿಗೆ ಬಾಯಿ ತೆರೆದಿವೆಯೆಂದು ಸಭೆಗೆ ಚೆನ್ನಾಗಿ ಗೊತ್ತಿತ್ತು. ಯಾರೂ ಅಲುಗಾಡಲಿಲ್ಲ.

"ಹಂಗಾದ್ರೆ ಮನೆ ಹಗ್ಗ ಬಿಚ್ಕೊಂಡು ಹೊಳೆಯ ಆ ಕಡೆಗೆ ಹೋಗಪ್ಪ," ಎಂದಳು ಪೆತ್ರೊನಿಲಾ, ಆರ್ಕಿಮೀದೆಸ್‌ನತ್ತ ತಿರುಗಿ.

ತೆಯೋಫಿಲೊ ಎದ್ದುನಿಂತ. ಇವನು ಮತ್ತೆ ಬರಲು ನೆಪ ಉಳಿಯಬಾರದು. "ಅಷ್ಟೇ ಅಲ್ಲ ದೋಣ್ಯ. ಇವನದ್ದು ಅಂತ ಏನೇನಿದೆಯೋ ಎಲ್ಲ ತಗೊಂಡೇ ಹೋಗ್ಬೇಕು. ಒಂದು ಕಡ್ಡೀನೂ ಇಲ್ಲಿ ಉಳೀಬಾರ್ದು."

ಆರ್ಕಿಮೀದೆಸ್ ಅವನನ್ನೇ ನೋಡಿದ. "ಒಂದು ಕಡ್ಡೀನೂ?"

"ಒಂದು ಕಡ್ಡೀನೂ!"

"ಯೋಚನೆ ಮಾಡಿ ಹೇಳಿ ಕುಂಪಾ."

"ಬೇಕಿದ್ರೆ ಧ್ವನಿವರ್ಧಕದಲ್ಲೇ ಹೇಳಿಸ್ತೀನಿ."

ಹೇಳಿಸಿದ ಕೂಡ.

ಮರುದಿನ ಬೆಳಿಗ್ಗೆ ಆರ್ಕಿಮೀದೆಸ್ ತನ್ನ ಮನೆಯ ಹಗ್ಗ ಬಿಚ್ಚಿ ಅದನ್ನು ದೂರ ಸಾಗಿಸಿ, ಮಚ್ಚು ಹಿಡಿದು ದೋಣಿಯಲ್ಲಿ ಒಬ್ಬನೇ ವಾಪಸ್ ಬಂದ. "ಸೊರೈದಾ, ಹುಡುಗೀನ ಕರ್ಕೊಂಡು ಹೊರಗೆ ಬಾರಮ್ಮ," ಎಂದ. ಅವನ ದನಿ ಕೇಳಿ ಅವಳು ಪ್ರಶ್ನೆ ಕೇಳದೆ ಬಂದಳು. ಅವನು ನೀರಿಗೆ ಧುಮುಕಿದ. ಅಡಿಯಲ್ಲಿ ಹಗ್ಗ ಕಡಿಯುವ ಸದ್ದಾಯಿತು. ಒಂದು ದಿಮ್ಮಿ ಬುಳಕ್ಕನೆ ಮೇಲೆದ್ದಿತು. ಇನ್ನೊಂದು. ಮತ್ತೊಂದು.

"ಅಯ್ಯೋ, ನನ್ನ ಮನೇನೇ ಕೀಳ್ತಿದಾನೆ, ಹಿಡೀರ್ರೋ!" ಎಂದು ಅರಚುತ್ತ ತೆಯೋಫಿಲೊ ಕಾಲುಹಲಗೆಗೆ ಹಾರಿಕೊಂಡ.

ಎದ್ದ ದಿಮ್ಮಿಗಳು ಬೆಳ್ಳಗೆ ಹೊಸದಾಗಿದ್ದವು. ತೆಯೋಫಿಲೊ ಮನೆಗೆ ಹಾಕಿದ್ದವು ಹಳೆಯವು, ಕಪ್ಪು ತಿರುಗಿದವು. ಅವನ ಅರಚಾಟ ಅರ್ಧಕ್ಕೆ ನಿಂತಿತು.

"ಇವು ನನ್ನವು ಕುಂಪಾ," ಎಂದ ಆರ್ಕಿಮೀದೆಸ್, ಕೊನೆಯ ದಿಮ್ಮಿಯನ್ನು ದೋಣಿಗೆ ಕಟ್ಟುತ್ತ. "ನಿಮ್ಮನೆ ವಾಲಿದಾಗೆಲ್ಲ ಅಡಿಗೆ ಒಂದೊಂದು ಕಟ್ಟಿ ನಿಲ್ಲಿಸ್ತಿದ್ದೆ. ಕಡ್ಡೀನೂ ಬಿಡ್ಬೇಡ ಅಂದ್ರಲ್ಲ."

ಮನೆ ನಿಧಾನಕ್ಕೆ ಪಕ್ಕಕ್ಕೆ ಹೊರಳಿತು. ಪೀಪಾಯಿ, ಪಂಪು, ತೊಟ್ಟಿ ಎಲ್ಲ ಜಾರಿ ನೀರಿಗಿಳಿದು, ಅಡಿ ಮೇಲಾಯಿತು.

ತೆಯೋಫಿಲೊನ ಸ್ವಂತ ದಿಮ್ಮಿಗಳಲ್ಲಿ ಉಳಿದಿದ್ದದ್ದು ಬರೀ ತೂತು, ತೂತು ತೂತಿನಲ್ಲೂ ಒಂದೊಂದು ಕರಚಾಮ, ಕಳುವಾದವು ಎಂದುಕೊಂಡವೇ, ಗುಂಡಗೆ ಕೊಬ್ಬಿ, ಬಾಲ ಆಡಿಸುತ್ತ ಇನ್ನೂ ತಿನ್ನುತ್ತಿದ್ದವು.