ಬೀಪ್ ಬರುವ ತನಕ

ಏರು ದಾಟಿದ ಕೂಡಲೇ ವರ್ನಾ ಡೈಕ್‌ಸ್ಟ್ರಾಗೆ ಎದುರಿಗೆ ಜೊತೆಯ ಚಾಲಕ ರಾಸ್ಕೋನ ಪಿಕಪ್ ಕಂಡಿತು. ಕೆಟ್ಟು ನಿಂತಿತ್ತು. ಬೀಳುತ್ತಿದ್ದ ಹಿಮದಲ್ಲಿ ಬಾನೆಟ್ ಎತ್ತಿ ರಾಸ್ಕೋ ಅದರೊಳಗೆ ತಲೆ ತೂರಿಸಿದ್ದ. ಅವಳ ಬಲಗಾಲು ಬ್ರೇಕಿನ ಮೇಲೆ ಹೋಯಿತು. ಒತ್ತಲಿಲ್ಲ. ಬೀಪ್‌ಗೆ ಕಾಯಿತು.

ಮಿಶಿಗನ್ನಿನ ಆ ಕಾರು ಪರೀಕ್ಷೆಯ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದ ಕಾಲಿಗೆ ಅಷ್ಟು ಶಿಸ್ತು ಇತ್ತು. ಅಲ್ಲಿ ಅಪಾಯವನ್ನು ಮೊದಲು ಅರಿಯಬೇಕಾದ್ದು ಕಾರು, ಚಾಲಕರಲ್ಲ. ಮುಂದಿನ ಗಾಡಿ ತಾನೆಲ್ಲಿದ್ದೇನೆಂದು ರೇಡಿಯೋದಲ್ಲಿ ಕೂಗಬೇಕು, ಹಿಂದಿನದು ಕೇಳಿಸಿಕೊಂಡು ಬೀಪ್ ಅನ್ನಬೇಕು, ಆಮೇಲೆ ಮನುಷ್ಯರ ಕಾಲು. ಕಣ್ಣು ನಂಬಿ ಮೊದಲೇ ಬ್ರೇಕ್ ಒತ್ತಿದವರ ಸುತ್ತು ರದ್ದು, ಲೆಕ್ಕಕ್ಕೇ ಇಲ್ಲ.

ಬೆಳಿಗ್ಗೆ ಕಾಫಿ, ಡೋನಟ್ಟುಗಳ ನಡುವೆ ಪರೀಕ್ಷೆ ನಡೆಸುವ ಎಂಜಿನಿಯರ್ ಕರ್ಟಿಸ್ ಲಿಂಡಾಲ್ ತನ್ನ ಹೊಸ ಏರ್ಪಾಟನ್ನು ವಿವರಿಸಿದ್ದ. ಅರವತ್ತು ಗಾಡಿಗಳಿಗೆ ಇರುವುದು ಒಂದೇ ಚಾನೆಲ್. ಎಲ್ಲವೂ ಸೆಕೆಂಡಿಗೆ ಹತ್ತು ಸಲ ಕೂಗಿದರೆ ಸಂತೆ. ಆದ್ದರಿಂದ ಓಡುವವು ಹೆಚ್ಚು ಮಾತಾಡಲಿ, ನಿಂತವು ಐದು ಸೆಕೆಂಡಿಗೊಮ್ಮೆ. ಹನ್ನೊಂದಕ್ಕೆ ಸರಕಾರದವರು ನೋಡಲು ಬರುವವರಿದ್ದರು. ಅಷ್ಟರಲ್ಲಿ ನಲವತ್ತು ಸುತ್ತು ಮುಗಿಯಬೇಕಿತ್ತು.

"ನಿಂತಿರೋದೇ ಅಲ್ವಾ ಡಾಕ್ಟ್ರೇ, ಬಾಯಿ ಬಡ್ಕೋಬೇಕಾದ್ದು?" ಎಂದಿದ್ದಳು ವರ್ನಾ. ಅವನ ಪಿಎಚ್‌ಡಿಯನ್ನು ಅವಳು ಹೀಗೆ ಗೌರವಿಸುತ್ತಿದ್ದಳು.

"ಇದ್ದಲ್ಲೇ ಇದ್ದೀನಿ, ಇದ್ದಲ್ಲೇ ಇದ್ದೀನಿ ಅಂತ ಎಷ್ಟು ಸಲ ಕೇಳ್ತೀರಿ ವರ್ನಾ? ಅದರಲ್ಲಿ ಹೊಸದೇನಿದೆ?"

"ಅಂಥದ್ದನ್ನ ನಮ್ಮ ಭಾವಮೈದುನಂಗೂ ಒಂದು ಹಾಕ್ಸಿ ಸಾರ್," ಎಂದ ರಾಸ್ಕೋ. "ಸೋಫಾ ಬಿಟ್ಟು ಏಳಲ್ಲ, ಬಾಯಿ ಮಾತ್ರ ನಿಲ್ಲಲ್ಲ."

ಎಲ್ಲರೂ ನಕ್ಕಿದ್ದರು. ವರ್ನಾಳೂ.

ಈಗ ಅವಳ ಕಾಲು ಅರ್ಧ ಸೆಕೆಂಡು ಕಾಯಿತು. ಆಮೇಲೆ ಶಿಸ್ತು ಮರೆತು ಒತ್ತಿತು. ಕಾರು ಹಿಮದ ಮೇಲೆ ಜಾರಿ ಪಿಕಪ್ಪಿನ ಬೆನ್ನಿಗೆ ಗುದ್ದಿತು. ಪಿಕಪ್ ರಾಸ್ಕೋನನ್ನು ಕೆಡವಿ ಅವನ ಕಾಲಿನ ಮೇಲೆ ಹತ್ತಿತು. ಎಲ್ಲ ಸದ್ದೂ ಅಡಗಿದ ಮೇಲೆ ವರ್ನಾಳ ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಕೆಂಪು ದೀಪ ಹತ್ತಿ, ಬೀಪ್ ಎಂದಿತು. ಪಿಕಪ್ಪಿನ ಸರದಿ ಬಂದಿತ್ತು.

"ಅಳ್ಬೇಡ ಕಣೇ, ಇನ್ನೊಂದು ಕಾಲಿದೆ," ಎಂದ ರಾಸ್ಕೋ ಸ್ಟ್ರೆಚರಿನ ಮೇಲಿಂದ. ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸಿನವಳು ವರ್ನಾಳ ಮುಖ ನೋಡಲಿಲ್ಲ.

ಕರ್ಟಿಸ್ ಓಡಿ ಬಂದ. ಮುಖ ಸುಣ್ಣವಾಗಿತ್ತು. ಆಂಬುಲೆನ್ಸ್ ಮರೆಯಾಗುವವರೆಗೂ ಅತ್ತಲೇ ನೋಡುತ್ತಿದ್ದು, ಆಮೇಲೆ ಕೈಯಲ್ಲಿದ್ದ ಟ್ಯಾಬ್ಲೆಟ್ಟಿನತ್ತ ತಿರುಗಿದ.

"ಒಂದು ಸಂದೇಶವೂ ಕಳೆದಿಲ್ಲ ವರ್ನಾ. ಎಲ್ಲ ಸರದಿ ಪ್ರಕಾರವೇ ಬಂದಿದೆ." ತಲೆಯೆತ್ತಿ ಕೇಳಿದ, "ಬ್ರೇಕ್... ಬೀಪ್‌ಗೆ ಮುಂಚೆ ಒತ್ತಿದ್ರಾ?"

"ತಡವಾಗಿ ಒತ್ತಿದೆ ಕಣಪ್ಪಾ. ನೋಡ್ತಾನೇ ಕೂತಿದ್ದೆ."

"ಆದ್ರೂ, ಬೀಪ್‌ಗೆ ಮುಂಚೆ ತಾನೇ?"

"ಮುಂಚೆ."

ಅವನ ಮುಖಕ್ಕೆ ಬಣ್ಣ ಮರಳಿತು. ಗೇಟಿನ ಬಳಿ ಸರಕಾರದವರ ಕಾರುಗಳು ಬಂದು ನಿಲ್ಲುತ್ತಿದ್ದವು. ಟ್ಯಾಬ್ಲೆಟ್ಟಿನಲ್ಲಿ ಸುತ್ತುಗಳ ಪಟ್ಟಿಯ ಕೊನೆಯ ಸಾಲನ್ನು ಕರ್ಟಿಸ್ ಬೆರಳಿನಿಂದ ಒರೆಸಿ ಹಾಕಿದ. ನಲವತ್ತಕ್ಕೆ ಮೂವತ್ತೊಂಬತ್ತು ಪಾಸ್ ಎಂದಿದ್ದುದು, ಮೂವತ್ತೊಂಬತ್ತಕ್ಕೆ ಮೂವತ್ತೊಂಬತ್ತು ಆಯಿತು.